ಅಜ್ಜಿಯ ಕೈಗಳಿಗೂ ಒಂದು ಪುಟ

ಸಾಗರದ ಹತ್ತಿರದ ಅಜ್ಜಿಮನೆಯಲ್ಲಿ ಹಳೇ ಆಲ್ಬಮ್ ಒಂದಿದೆ. ಕಪ್ಪು ಹಾಳೆಗಳು, ನಡುನಡುವೆ ತೆಳು ಕಾಗದ, ನಾಲ್ಕು ಮೂಲೆಗೆ ಅಂಟಿಸಿದ ಪುಟ್ಟ ತ್ರಿಕೋನಗಳಲ್ಲಿ ಸಿಕ್ಕಿಸಿದ ಕಪ್ಪು-ಬಿಳುಪು ಫೋಟೊಗಳು. ಮದುವೆ, ಉಪನಯನ, ಯಾರದೋ ನಾಮಕರಣ. ಎಲ್ಲದರಲ್ಲೂ ಜನ ಸಾಲಾಗಿ ನೆಟ್ಟಗೆ ನಿಂತಿದ್ದಾರೆ. ಅಜ್ಜಿ ಯಾವಾಗಲೂ ಹಿಂದಿನ ಸಾಲಿನ ತುದಿಯಲ್ಲಿ. ಆ ಮನೆಯನ್ನು ಇಷ್ಟು ವರ್ಷ ನಡೆಸಿದವಳು ಒಲೆಯ ಮುಂದೆ, ಕೊಟ್ಟಿಗೆಯಲ್ಲಿ, ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹತ್ತಿರ ಕೂತ ಒಂದು ಚಿತ್ರವೂ ಇಲ್ಲ. ಕಳೆದ ದೀಪಾವಳಿಗೆ ಊರಿಗೆ ಹೊರಟಾಗ ಮನಸ್ಸಿನಲ್ಲಿ ಇದ್ದದ್ದು ಇದೇ. ಈ ಸಲ ಒಂದು ಸ್ಕ್ರ್ಯಾಪ್‌ಬುಕ್ ಮಾಡಬೇಕು, ಅದರ ತುಂಬ ಅಜ್ಜಿಯ ಹಬ್ಬ ಇರಬೇಕು.

ಪಾಡ್ಯದ ಬೆಳಿಗ್ಗೆ ಅಡುಗೆಮನೆಯಿಂದಲೇ ಶುರು ಮಾಡಿದೆ. ಸೌತೆಕಾಯಿ ಕಡುಬಿಗೆ ಅಜ್ಜಿ ಬಾಳೆಎಲೆ ಬಾಡಿಸುತ್ತಿದ್ದಳು. ನನ್ನ ಕೈಯಲ್ಲಿ ಫೋನ್ ಕಂಡದ್ದೇ, "ಕೆಲಸ ಮಾಡೋದನ್ನೆಲ್ಲ ಏನು ಫೋಟೊ ತೆಗಿತೀಯೆ ಮಾರಾಯ್ತಿ, ತಡಿ, ಸೀರೆ ಬದಲಾಯಿಸಿ ಬರ್ತೀನಿ" ಅಂದಳು. "ಬೇಡ ಅಜ್ಜಿ, ನೀನು ನಿನ್ನ ಪಾಡಿಗೆ ಕಡುಬು ಕಟ್ಟು" ಅಂದೆ. ಮಸಿ ಹಿಡಿದ ಆ ಕೋಣೆಗೆ ಇರುವುದು ಒಂದೇ ಕಿಟಕಿ. ಫ್ಲ್ಯಾಶ್ ಹಾಕಿದರೆ ಹಿಂದಿನ ಗೋಡೆ, ಹೊಗೆ, ಒಲೆಯ ಕೆಂಪು ಎಲ್ಲ ಸತ್ತು ಮುಖವೊಂದೇ ಬೆಳ್ಳಗೆ ಉಳಿಯುತ್ತದೆ. ಫ್ಲ್ಯಾಶ್ ಆರಿಸಿ, ಅಜ್ಜಿಯ ಮಣೆಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದೆ. ಬೆಳಕು ಒಂದು ಕಡೆಯಿಂದ ಬಿದ್ದಾಗ ಬೆರಳಿನ ಗೆಣ್ಣು, ಸವೆದ ಬಳೆ, ಹಿಟ್ಟು ಮೆತ್ತಿದ ಉಗುರು ಎಲ್ಲ ಎದ್ದು ಕಾಣತೊಡಗಿದವು. ಮಬ್ಬಿನಲ್ಲಿ ಕೈ ಕೊಂಚ ಅಲುಗಿದರೂ ಚಿತ್ರ ಕಲಸಿಹೋಗುತ್ತದೆ. ಮೊಣಕೈಯನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದು, ಒಂದರ ಹಿಂದೊಂದು ತೆಗೆಯುತ್ತ ಹೋದೆ. ಸ್ವಲ್ಪ ಹೊತ್ತಿಗೆ ಅಜ್ಜಿಗೆ ನಾನು ಅಲ್ಲಿರುವುದೇ ಮರೆತುಹೋಯಿತು. ನನಗೆ ಬೇಕಿದ್ದ ಮುಖ ಆಮೇಲೆ ಸಿಕ್ಕಿತು.

ಒಂದು ಪುಟಕ್ಕೆ ಒಂದೇ ಬಗೆಯ ಫೋಟೊ ಸಾಲದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ದೂರದಿಂದ ಇಡೀ ಕೋಣೆ, ಹತ್ತಿರದಿಂದ ಅಜ್ಜಿ, ಇನ್ನೂ ಹತ್ತಿರದಿಂದ ಕೈ ಮಾತ್ರ. ಈ ಮೂರು ಅಕ್ಕಪಕ್ಕ ಕೂತರೆ ಕಡುಬಿನ ಕತೆ ತಾನಾಗೇ ಬರುತ್ತದೆ. ಅಂಟಿಸಲು ಆಗದ ವಸ್ತುಗಳನ್ನೂ ಬಿಡಲಿಲ್ಲ. ಹಂಡೆಗೆ ಸುತ್ತಿದ್ದ ಹಿಂಡ್ಲೆಕಾಯಿ ಬಳ್ಳಿ, ದನಗಳಿಗೆ ಪೋಣಿಸಿಟ್ಟ ಅಡಿಕೆ-ಚೆಂಡುಹೂವಿನ ಸರ. ಹೂವನ್ನೇ ಪುಟಕ್ಕೆ ಹಚ್ಚಿದರೆ ಕಾಗದಕ್ಕೆ ಕಲೆ ಹಿಡಿದು ಹುಳ ಬರುತ್ತದೆ, ಫೋಟೊ ಆದರೆ ಉಳಿಯುತ್ತದೆ.

ಗೋಪೂಜೆ ಹೊತ್ತಿಗೆ ಮಕ್ಕಳದ್ದೇ ಗದ್ದಲ. ಲೋಟದ ಬಾಯನ್ನು ಕೆಮ್ಮಣ್ಣಿಗೆ ಅದ್ದಿ ದನದ ಮೈಮೇಲೆ ಉಂಗುರ ಒತ್ತುವ ಕೆಲಸ ಅವರಿಗೆ. ನಿಂತು ತೆಗೆದರೆ ಬರುವುದು ಅವರ ನೆತ್ತಿ ಮಾತ್ರ. ಅಂಗಳದಲ್ಲಿ ಮಂಡಿಯೂರಿದೆ. ಕರುವಿನ ಕಣ್ಣು, ತಮ್ಮನ ಮಗಳ ಕಣ್ಣು ಒಂದೇ ಎತ್ತರಕ್ಕೆ ಬಂದವು. ಅವಳ ಮೂಗಿನ ತುದಿಗೂ ಒಂದು ಕೆಂಪು ಬೊಟ್ಟು ಬಿದ್ದಿತ್ತು.

ಮಧ್ಯಾಹ್ನ ಎಲ್ಲರನ್ನೂ ಸೇರಿಸಿ ಒಂದು ಫೋಟೊ ಬೇಕು ಅಂತ ದೊಡ್ಡಮ್ಮನ ಒತ್ತಾಯ. ನೆತ್ತಿಯ ಬಿಸಿಲಲ್ಲಿ ಕಣ್ಣ ಕೆಳಗೆ ಕಪ್ಪು ನೆರಳು ಬಿದ್ದು, ಎಲ್ಲರೂ ಕಣ್ಣು ಕಿರಿದು ಮಾಡುತ್ತಾರೆ. ಹಾಗಾಗಿ ಅಂಗಳ ಬಿಟ್ಟು ಒಳಗೆ, ಮನೆಯ ನಡುವೆ ಮೇಲೆ ತೆರೆದಿರುವ ತೊಟ್ಟಿಯ ಸುತ್ತಲಿನ ಜಗುಲಿಗೆ ಕರೆದೆ. ಮೇಲಿನಿಂದ ಇಳಿಯುವ ಬೆಳಕು ಬಿಳಿ ನೆಲಕ್ಕೆ ತಾಗಿ, ಮೆತ್ತಗಾಗಿ ಮುಖಕ್ಕೆ ಹೊರಳುತ್ತದೆ. ಇದಕ್ಕಿಂತ ಒಳ್ಳೆಯ ಸ್ಟುಡಿಯೊ ನನಗೆ ಗೊತ್ತಿಲ್ಲ. ಅಜ್ಜಿಯನ್ನು ನಡುವೆ ಕೂರಿಸಿದೆ. ಉಳಿದವರು ಕೆಲವರು ಮೆಟ್ಟಿಲ ಮೇಲೆ, ಕೆಲವರು ಕಂಬಕ್ಕೆ ಒರಗಿ. ಸುತ್ತ ಧಾರಾಳವಾಗಿ ಜಾಗ ಬಿಟ್ಟೆ. ಅದಕ್ಕೆ ಕಾರಣವಿದೆ. ಹೆಚ್ಚಿನ ಫೋನ್‌ಗಳಲ್ಲಿ ಫೋಟೊದ ಉದ್ದ-ಅಗಲ 4:3 ಅನುಪಾತದಲ್ಲಿ ಬರುತ್ತದೆ, ಪ್ರಿಂಟ್ ಹಾಕಿಸುವ 4×6 ಇಂಚಿನ ಕಾಗದದ್ದು 3:2, ಅಂದರೆ ಇನ್ನೂ ಉದ್ದ. ಅಡ್ಡ ಹಿಡಿದು ಅಂಚಿನವರೆಗೂ ತುಂಬಿಸಿದರೆ ಪ್ರಿಂಟಿನಲ್ಲಿ ಮೇಲಿನವರ ತಲೆ, ಕೆಳಗಿನವರ ಕಾಲು ಕತ್ತರಿಸಿಹೋಗುತ್ತವೆ. ಮಾವ ಹಳೆಯ ತಮಾಷೆ ಶುರು ಮಾಡಿದ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕ ಹೊತ್ತಿನದ್ದೇ ಮೊದಲ ಪುಟಕ್ಕೆ ಹೋಯಿತು.

ಬೇರೆಯವರು ತೆಗೆದದ್ದೂ ಬೇಕಿತ್ತು. ವಾಟ್ಸಾಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೊ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಎಲ್ಲರಿಗೂ ಹೇಳಿದೆ. 4×6ರ ಪ್ರಿಂಟ್ ಚೆನ್ನಾಗಿ ಬರಲು ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 1200×1800 ಪಿಕ್ಸೆಲ್ ಇದ್ದರೆ ಸಾಕು. ಪುಸ್ತಕಕ್ಕೆ ಬೇಗ ಹಳದಿಯಾಗದ ಆಮ್ಲರಹಿತ ಕಾಗದ ಆರಿಸಿದೆ. ಅಂಟು ಹಾಳೆಯ ಆಲ್ಬಮ್‌ಗಳಲ್ಲಿ ಫೋಟೊ ಹಳದಿಯಾಗಿ, ಬಿಡಿಸಲೂ ಬಾರದೆ ಕೂರುವುದನ್ನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಹಳೇ ಆಲ್ಬಮ್‌ನಂತೆ ಮೂಲೆ ತ್ರಿಕೋನಗಳನ್ನೇ ಬಳಸಿದೆ.

ಅಡಿಬರಹ ಮಾತ್ರ ಅಜ್ಜಿಯದ್ದು. ಅವಳು ಫೋನಿನಲ್ಲಿ ಹೇಳಿದಂತೆ ಬರೆದೆ, ಯಾವ ದನದ ಹೆಸರು ಏನು ಅನ್ನುವುದೂ ಸೇರಿ. ಅಡಿಕೆ ಕೊಯ್ಲಿನ ಹೊತ್ತಿಗೆ ಮತ್ತೆ ಹೋಗುತ್ತೇನೆ. ರಾತ್ರಿ ಲೈಟಿನ ಕೆಳಗೆ ಎಲ್ಲರೂ ಸುಲಿಯಲು ಕೂರುವ ಚಿತ್ರಕ್ಕೆಂದು ಎರಡು ಪುಟ ಖಾಲಿ ಇಟ್ಟಿದ್ದೇನೆ.