"ಗಣಿತ ಎಲ್ಲಾ ಕಡೆ ಒಂದೇ ಅಲ್ವಾ?" ಅಂತ ಕೇಳೋರಿಗೆ

ಹೂಂ, ಒಂದೇ. ಎರಡೂ ಎರಡೂ ಟೋಕಿಯೋದಲ್ಲೂ ನಾಲ್ಕೇ, ತಿಪಟೂರಲ್ಲೂ ನಾಲ್ಕೇ. ಸಮಾಧಾನ ಆಯ್ತಾ?

ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆದು ಹಾಕ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಲಿಂಕ್ ಕಳಿಸಿಬಿಡ್ತೀನಿ. ವಿಷಯ ಏನಪ್ಪಾ ಅಂದ್ರೆ, ನಾನು ಸರ್ಕಾರಿ ಶಾಲೇಲಿ ಗಣಿತ ಹೇಳ್ಕೊಡೋಳು, ಹದಿನೇಳು ವರ್ಷ ಸರ್ವೀಸ್ ಆಯ್ತು. ಎರಡು ವಾರಕ್ಕೊಂದ್ಸಲ ಶನಿವಾರ ಸಂಜೆ ಬೇರೆ ಬೇರೆ ದೇಶದ ಗಣಿತದ ಮೇಷ್ಟ್ರುಗಳ ಜೊತೆ ಝೂಮಲ್ಲಿ ಕೂತ್ಕೋತೀನಿ. ಯಾರಾದ್ರೂ ಒಬ್ರು ತಮ್ಮ ಕ್ಲಾಸಿನ ವಿಡಿಯೋ ಹಾಕ್ತಾರೆ, ನೋಡ್ತೀವಿ, ಮಾತಾಡ್ತೀವಿ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ, ಆದ್ರೆ ಬೋರ್ಡ್ ಮೇಲಿನ ಲೆಕ್ಕ ಓದೋಕೆ ಇಂಗ್ಲಿಷ್ ಯಾಕೆ ಬೇಕು.

ಹೋದ ವರ್ಷ ನೆಂಟರ ಮನೆ ಗೃಹಪ್ರವೇಶದಲ್ಲಿ ನಮ್ಮ ಭಾವ ಎಲೆ ಮುಂದೆ ಕೂತು, ಹೋಳಿಗೆಗೆ ತುಪ್ಪ ಹಾಕಿಸ್ಕೋತಾ, ಇಡೀ ಪಂಕ್ತಿಗೆ ಕೇಳೋ ಹಾಗೆ ಅಂದ್ರು: "ಏನಮ್ಮಾ ಟೀಚರಮ್ಮ, ಗಣಿತ ಎಲ್ಲಾ ಕಡೆ ಒಂದೇ ಅಲ್ವಾ? ಜಪಾನಿನೋರ ಹತ್ರ ಕಲಿಯೋದೇನಿದೆ? ಮೊದ್ಲು ನಮ್ ಮಕ್ಕಳಿಗೆ ನೆಟ್ಟಗೆ ಮಗ್ಗಿ ಕಲಿಸ್ರಮ್ಮಾ. ನಮ್ಮಜ್ಜ ಕೂಲಿಮಠದಲ್ಲಿ ಕಾಲು, ಅರೆ, ಮುಕ್ಕಾಲು ಮಗ್ಗಿ ಎಲ್ಲಾ ಕಲ್ತಿದ್ರು, ಯಾವ ಜಪಾನೂ ಬೇಕಿರ್ಲಿಲ್ಲ." ಪಂಕ್ತಿ ಪಂಕ್ತಿನೇ ನಕ್ತು. ನಾನೂ ನಕ್ಕೆ, ಬಾಯಲ್ಲಿ ಹೋಳಿಗೆ ಇತ್ತು.

ಆ "ಮೊದ್ಲು" ಇದ್ಯಲ್ಲ, ಅದಕ್ಕೇ ನನಗೆ ಮೈ ಉರಿಯೋದು. ನಾನೇನೋ ಮಗ್ಗಿ ಕಲ್ಸೋದು ಬಿಟ್ಟು ಶೋಕಿಗೆ ಫಾರಿನ್ ಸುತ್ತೋಕೆ ಹೋದ ಹಾಗೆ. ಡೇಟಾ ಪ್ಯಾಕ್ ನಂದು, ಶನಿವಾರಾನೂ ನಂದು ಸ್ವಾಮಿ.

ಇನ್ನು ಕೂಲಿಮಠ, ಅಂದ್ರೆ ಹಳೇ ಕಾಲದ ಊರ ಶಾಲೆ. ಭಾವನೇ ಎತ್ತಿದ್ರಿಂದ ಹೇಳ್ತೀನಿ. ಆಂಡ್ರ್ಯೂ ಬೆಲ್ ಅಂತ ಒಬ್ಬ ಸ್ಕಾಟ್ಲೆಂಡಿನ ಪಾದ್ರಿ ಮದ್ರಾಸಲ್ಲಿ ಅನಾಥ ಹುಡುಗರ ಶಾಲೆ ನೋಡ್ಕೋತಿದ್ದ. ನಮ್ಮ ಕಡೆ ಮಠದಲ್ಲಿ ಮಾಡ್ತಿದ್ರಲ್ಲ, ಮಕ್ಕಳು ನೆಲದಲ್ಲಿ ಮರಳು ಹರಡ್ಕೊಂಡು ಬೆರಳಲ್ಲಿ ತಿದ್ದೋದು, ಅದನ್ನ ಅಲ್ಲೊಂದು ಶಾಲೇಲಿ ನೋಡಿ ತನ್ನ ಶಾಲೆಗೂ ತಂದ, ದೊಡ್ಡ ಹುಡುಗರ ಕೈಲಿ ಚಿಕ್ಕವರಿಗೆ ಪಾಠ ಹೇಳಿಸ್ದ, 1797ರಲ್ಲಿ ಇಂಗ್ಲೆಂಡಲ್ಲಿ ಇದನ್ನ ಪುಸ್ತಕ ಮಾಡಿದ. ಅಲ್ಲಿ ಅದಕ್ಕೆ ಮದ್ರಾಸ್ ಪದ್ಧತಿ ಅಂತಾನೇ ಹೆಸರಾಯ್ತು. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಲ್ಲಿ ಇವತ್ತಿಗೂ ಮದ್ರಾಸ್ ಕಾಲೇಜ್ ಅಂತ ಸ್ಕೂಲ್ ಇದೆ. ನಮ್ಮ ಮರಳು ಅಷ್ಟು ದೂರ ಹೋಗ್ಬಹುದು, ನಾನು ಝೂಮಲ್ಲಿ ಕೂರಬಾರದು. ಜಪಾನಿನೋರೇನು ಕಡಿಮೆ, 1872ರಲ್ಲಿ ಅಮೆರಿಕದ ಸ್ಕಾಟ್ ಅನ್ನೋ ಮೇಷ್ಟ್ರನ್ನ ಟೋಕಿಯೋದ ಟೀಚರ್ ಟ್ರೈನಿಂಗ್ ಶಾಲೆಗೆ ಹಾಕ್ಕೊಂಡು ಕಪ್ಪುಹಲಗೆ ಇಟ್ಕೊಂಡು ಇಡೀ ಕ್ಲಾಸಿಗೆ ಒಟ್ಟಿಗೆ ಪಾಠ ಮಾಡೋದು ಹೇಗೆ ಅಂತ ಕಲ್ತ್ರು. ಈಗ ಅಮೆರಿಕದೋರು ಜಪಾನಿಗೆ ಹೋಗಿ ಕಪ್ಪುಹಲಗೆ ಹೇಗೆ ಬಳಸೋದು ಅಂತ ನೋಡ್ಕೊಂಡು ಬರ್ತಾರೆ. 2014ರಿಂದ ಇಂಗ್ಲೆಂಡಿನೋರು ಶಾಂಘೈ ಮೇಷ್ಟ್ರುಗಳನ್ನ ಕರೆಸ್ಕೊಂಡು ತಮ್ಮ ಮಕ್ಕಳಿಗೆ ಪಾಠ ಮಾಡಿಸಿ ಹಿಂದೆ ಕೂತು ನೋಡಿದ್ರು. ಅವರ್ಯಾರಿಗೂ ಭಾವನಂಥ ಭಾವ ಇರ್ಲಿಲ್ಲ ಅನ್ಸುತ್ತೆ.

ಅಂದ ಹಾಗೆ ಒಂದೇ ಅನ್ನೋದೂ ಪೂರ್ತಿ ನಿಜ ಅಲ್ಲ. ಇಪ್ಪತ್ತೊಂದು ಅಂತ ನಾವು ಹೇಳಿದ ಹಾಗೇ ಬರೀತೀವಿ, ಮೊದ್ಲು ಇಪ್ಪತ್ತು ಆಮೇಲೆ ಒಂದು. ಜರ್ಮನ್‌ನಲ್ಲಿ ಅದು "ಒಂದೂ ಇಪ್ಪತ್ತು". ಕಿವಿಗೆ ಮೊದ್ಲು ಒಂದು ಬಿತ್ತಲ್ಲ, ಅಲ್ಲಿನ ಚಿಕ್ಕಮಕ್ಕಳು 12 ಅಂತ ಬರೆದುಬಿಡ್ತಾರೆ. ಫ್ರೆಂಚಲ್ಲಿ ತೊಂಬತ್ತು ಅಂದ್ರೆ "ನಾಲ್ಕಿಪ್ಪತ್ತು ಹತ್ತು". ಹಿಂದಿಯ ಉನ್ಯಾಸಿ ಎಪ್ಪತ್ತೊಂಬತ್ತೋ ಎಂಬತ್ತೊಂಬತ್ತೋ, ನನಗೆ ಇವತ್ತಿಗೂ ಒಂದು ಕ್ಷಣ ಯೋಚನೆ ಮಾಡ್ಬೇಕು. ಲೆಕ್ಕ ಒಂದೇ, ಮಗು ಎಡವೋ ಕಲ್ಲು ಬೇರೆ ಬೇರೆ ಕಡೆ.

ಈಗ ನಿಜವಾದ ಉತ್ತರ, ಹೇಳೋಕೆ ನನಗೇ ನಾಚಿಕೆ.

ಸರ್ವೀಸಿಗೆ ಸೇರಿದ ಹೊಸದರಲ್ಲಿ ನನಗೆ ಮೂರನೇ ಕ್ಲಾಸ್ ಕೊಟ್ಟಿದ್ರು. 43ರಲ್ಲಿ 19 ಕಳೀರಿ ಅಂತ ಬೋರ್ಡಲ್ಲಿ ಬರೆದೆ. ಎಲ್ರಿಗೂ ಹೇಳ್ಕೊಟ್ಟಿದ್ದು ಒಂದೇ ಹಾಡು: ಮೂರರಲ್ಲಿ ಒಂಬತ್ತು ಹೋಗಲ್ಲ, ಪಕ್ಕದ ಮನೆಯಿಂದ ಒಂದು ದಶಕ ಸಾಲ ತಗೋ, ಹದಿಮೂರಾಯ್ತು, ಹದಿಮೂರರಲ್ಲಿ ಒಂಬತ್ತು ಹೋದ್ರೆ ನಾಲ್ಕು. ಒಬ್ಬ ಹುಡುಗ ಎಲ್ರಿಗಿಂತ ಮೊದ್ಲು ಸ್ಲೇಟ್ ಎತ್ತಿದ, 24. ಹೇಗೋ ಮಾಡ್ದೆ ಅಂದ್ರೆ, "ಹತ್ರಾಗೆ ಒಂಬತ್ತು ಹೋದ್ರೆ ಒಂದು ಉಳೀತದೆ ಮಿಸ್, ಅದುಕ್ಕೆ ಮೂರು ಸೇರ್ಸ್ದೆ" ಅಂದ. "ಕಳೀ ಅಂದ್ರೆ ಕೂಡ್ತೀಯಲ್ಲೋ!" ಅಂದೆ ನಾನು, ಜೋರಾಗೇ ಅಂದೆ, ಕ್ಲಾಸೆಲ್ಲ ನಕ್ತು. ಹದಿಮೂರು ಗೀಟು ಎಳೆಸಿ ಒಂಬತ್ತು ಹೊಡೆದುಹಾಕಿಸ್ದೆ. ಅವನು ಸುಮ್ನೆ ಎಳೆದ. ಅವರಮ್ಮ ಸಂತೇಲಿ ಸೊಪ್ಪು ಮಾರ್ತಿದ್ರು, ಚಿಲ್ಲರೆ ಇವನದ್ದೇ ಕೆಲಸ. ಒಂಬತ್ತಕ್ಕೆ ಹತ್ತರ ನೋಟು ಕೊಟ್ರೆ ಒಂದು ವಾಪಸ್, ಕೈಲಿ ಮೂರು ಮೊದ್ಲೇ ಇದೆ. ಅದನ್ನೇ ಮಾಡಿದ್ದ ಅಷ್ಟೇ.

ಹನ್ನೆರಡು ವರ್ಷ ಆದ್ಮೇಲೆ ಒಂದು ಶನಿವಾರ ಜಪಾನಿನ ಒಂದನೇ ಕ್ಲಾಸಿನ ಪಾಠ ನೋಡ್ತಿದ್ದೆ, 13ರಲ್ಲಿ 9. ಒಂದು ಮಗು ಎದ್ದು ಡಿಟ್ಟೋ ಅದೇ ಹೇಳ್ತು. ಆ ಮೇಷ್ಟ್ರು ಏನೂ ಅನ್ಲಿಲ್ಲ, ಬೋರ್ಡಿನ ಎಡಗಡೆ ಬರೆದು ಅಳಿಸದೇ ಬಿಟ್ರು, ಮಕ್ಕಳಿಗೆ ಅದೊಂದೇ ದಾರಿನಾ ಅಂತ ಕೇಳಿದ್ರು. ಅಲ್ಲಿ ಮೇಷ್ಟ್ರುಗಳ ಮಧ್ಯೆ ಅದಕ್ಕೆ ಹೆಸರೇ ಇದೆ, ಗೆಂಕಾಹೋ, ಅಂದ್ರೆ ಕಳೆದು ಕೂಡೋ ದಾರಿ. ಮೊದಲ ಲೆಕ್ಕಕ್ಕೆ 9 ಆರಿಸ್ಕೊಳ್ಳೋದೂ ಸುಮ್ನೆ ಅಲ್ಲ, ಹತ್ತಕ್ಕೆ ಅದೇ ಹತ್ತಿರ, ಮಗುಗೆ ಆ ದಾರಿ ತಾನಾಗೇ ಕಾಣುತ್ತೆ. ನಾನು ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋದೆ.

ಅಕ್ಕನಿಗೆ ಹೇಳಿದ್ದಕ್ಕೆ, "ಅದು ನಿನ್ ಕ್ಲಾಸಲ್ಲೇ ಇತ್ತಲ್ಲೇ, ಜಪಾನ್ ಯಾಕೆ ಬೇಕಿತ್ತು" ಅಂದ್ಲು. ಭಾವನ ಹೆಂಡ್ತಿ ತಾನೇ. ಆದ್ರೆ ಇದಕ್ಕೆ ನನ್ನತ್ರ ಉತ್ತರ ಇಲ್ಲ, ಒಪ್ಕೋತೀನಿ.

ಯಾರೂ ಕೇಳದೇ ಇರೋ ಪ್ರಶ್ನೆ ಬೇರೆ ಇದೆ. ನಿನ್ ಪಾಠ ಯಾರಾದ್ರೂ ಕೂತು ನೋಡಿದಾರಾ ಅಂತ. ಹದಿನೇಳು ವರ್ಷದಲ್ಲಿ ನನ್ನ ಕ್ಲಾಸಿಗೆ ಹಾಜರಾತಿ ನೋಡೋಕೆ ಬಂದಿದಾರೆ, ಬಿಸಿಯೂಟದ ಲೆಕ್ಕ ನೋಡೋಕೆ ಬಂದಿದಾರೆ, ಗೋಡೆ ಮೇಲೆ ಚಾರ್ಟ್ ಇದ್ಯಾ ಅಂತ ಫೋಟೋ ತಗೊಂಡು ಹೋಗಿದಾರೆ. 43ರಲ್ಲಿ 19 ಹೇಗೆ ಹೇಳ್ತೀನಿ ಅಂತ ನೋಡೋಕೆ ಒಬ್ರೂ ಬಂದಿಲ್ಲ. ಜಪಾನಲ್ಲಿ ಒಂದು ಪಾಠ ಎಲ್ರೂ ಸೇರಿ ತಯಾರು ಮಾಡಿ, ಒಬ್ರು ಮಾಡಿ, ಉಳಿದೋರು ಗೋಡೆಗೊರಗಿ ನಿಂತು ಮಕ್ಕಳು ಏನ್ ಬರೀತಾರೆ ಅಂತ ನೋಟ್ಸ್ ಮಾಡ್ಕೋತಾರೆ, ಇದಕ್ಕೆ ಜುಗ್ಯೋ ಕೆಂಕ್ಯೂ ಅಂತಾರೆ, ನೂರು ವರ್ಷಕ್ಕಿಂತ ಹಳೇ ಪದ್ಧತಿ. ಆ ಹುಡುಗ ಸ್ಲೇಟ್ ಎತ್ತಿದ ದಿನ ಹಿಂದೆ ಒಬ್ರು ನಿಂತಿದ್ರೆ ಸ್ಟಾಫ್ ರೂಮಲ್ಲಿ "ಮೇಡಂ, ಅವನು ಸರಿಯಾಗೇ ಹೇಳಿದ್ನಲ್ಲ" ಅಂತಿದ್ರೇನೋ.

ಜೂನಲ್ಲಿ ನಮ್ಮ ಕನ್ನಡ ಟೀಚರ್‌ಗೆ ಗೋಗರೆದು ಭಿನ್ನರಾಶಿ ಪಾಠಕ್ಕೆ ಕೂರಿಸ್ಕೊಂಡೆ. ನನಗೆ ಲೆಕ್ಕ ಗೊತ್ತಾಗಲ್ಲ ಮೇಡಂ ಅಂತ ರಾಗ ಎಳೆದ್ರು, ಆದ್ರೂ ಹಿಂದಿನ ಬೆಂಚಲ್ಲಿ ಕೂತು ಏನೋ ಗೀಚ್ಕೋತಿದ್ರು. ಬೆಲ್ ಆದ್ಮೇಲೆ ಹಾಳೆ ತೋರಿಸಿದ್ರು. "ನೀವು ಇವತ್ತು ಮೂವತ್ತೊಂದು ಪ್ರಶ್ನೆ ಕೇಳಿದ್ರಿ ಮೇಡಂ. ಇಪ್ಪತ್ತೆರಡಕ್ಕೆ ನೀವೇ ಉತ್ತರ ಹೇಳಿದ್ರಿ."