ಕೆಟ್ಟಿರುವುದು ಹಾರ್ಡ್ ಡಿಸ್ಕೋ, ಬರೀ ಕೇಬಲ್ಲೋ?

ಫೋಲ್ಡರ್ ತೆರೆಯಲು ಅರ್ಧ ನಿಮಿಷ ಬೇಕು, ಕಾಪಿಗೆ ಹಾಕಿದ ಫೈಲು ನಡುವೆ ನಿಂತುಬಿಡುತ್ತದೆ. ಹೀಗಾದಾಗ ಅನೇಕರು ಮೊದಲು ವಿಂಡೋಸ್‌ನದೇ ಡಿಸ್ಕ್ ಸರಿಪಡಿಸುವ ಸಾಧನ ಚೆಕ್‌ಡಿಸ್ಕ್ ಓಡಿಸುತ್ತಾರೆ. ದಯವಿಟ್ಟು ಬೇಡ. ಕೆಟ್ಟ ಸೆಕ್ಟರ್ (ಡೇಟಾ ಕೂರುವ ಪುಟ್ಟ ತುಣುಕು) ಹುಡುಕಲು ಹೇಳಿದರೆ ಅದು ಇಡೀ ಡಿಸ್ಕನ್ನು ಓದುತ್ತದೆ, ಓದಲಾಗದ ಜಾಗದಲ್ಲಿ ಡಿಸ್ಕ್ ಮತ್ತೆ ಮತ್ತೆ ತಿಣುಕುತ್ತದೆ. ಸರಿಪಡಿಸುವ ಭರದಲ್ಲಿ ನಿಮಗೆ ಬೇಕಾದ ಫೈಲಿನ ಗುರುತೇ ಅಳಿಸಿಹೋಗಬಹುದು.

ಮೊದಲು ಕಿವಿಗೊಡಿ. ಒಂದೇ ಲಯದಲ್ಲಿ ಟಕ್ ಟಕ್ ಸದ್ದು ಬರುತ್ತಿದ್ದರೆ ಡಿಸ್ಕನ್ನು ಓದುವ ಹೆಡ್‌ಗೆ ತನ್ನ ಜಾಗ ಸಿಗುತ್ತಿಲ್ಲ. ಆಗಲೇ ಆಫ್ ಮಾಡಿ. ಒಳಗಿನದು ಅಮೂಲ್ಯವಾಗಿದ್ದರೆ ಡೇಟಾ ರಿಕವರಿಯವರಿಗೇ ಕೊಡಿ. ಡಿಸ್ಕನ್ನು ಮನೆಯಲ್ಲಿ ಬಿಚ್ಚುವುದು, ಫ್ರೀಜರ್‌ನಲ್ಲಿಡುವುದು ಎರಡೂ ಬೇಡ.

ಸದ್ದಿಲ್ಲದಿದ್ದರೆ ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ಸ್ಮಾರ್ಟ್ ಲೆಕ್ಕ ನೋಡಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ತಂತ್ರಾಂಶ ಸಾಕು, ಅದು ಒಂದೊಂದು ಲೆಕ್ಕವನ್ನೂ ಒಂದು ಸಂಖ್ಯೆಯ ಸಾಲಿನಲ್ಲಿ ತೋರಿಸುತ್ತದೆ. ಅದರ ಕೊನೆಯ ಅಂಕಣ ಹೆಕ್ಸಾಡೆಸಿಮಲ್‌ನಲ್ಲಿರುತ್ತದೆ, ಅಲ್ಲಿ 10 ಎಂದರೆ ಹದಿನಾರು. ಫಂಕ್ಷನ್ ಮೆನುವಿನ ಅಡ್ವಾನ್ಸ್ಡ್ ಫೀಚರ್‌ನಲ್ಲಿ ರಾ ವ್ಯಾಲ್ಯೂಸ್ ಅನ್ನು ದಶಮಾನಕ್ಕೆ ಬದಲಿಸಿಕೊಳ್ಳಿ. ಸೀಗೇಟ್ ಕಂಪನಿಯ ಡಿಸ್ಕ್‌ಗಳಲ್ಲಿ 01 ಮತ್ತು 07ನೇ ಸಾಲುಗಳ ಎದುರು ಕೋಟಿಗಟ್ಟಲೆ ಅಂಕಿ ಕಂಡರೆ ಗಾಬರಿ ಬೇಡ, ಮಾಡಿದ ಕೆಲಸದ ಎಣಿಕೆಯೂ ಅದರಲ್ಲೇ ಸೇರಿರುತ್ತದೆ.

ನೋಡಬೇಕಾದದ್ದು 05 (ಮೀಸಲು ಸೆಕ್ಟರ್‌ಗೆ ಬದಲಾಯಿಸಿದ ಕೆಟ್ಟ ಸೆಕ್ಟರ್‌ಗಳು), ಸಿ5, ಸಿ6 (ಡಿಸ್ಕ್ ತಾನೇ ಪರೀಕ್ಷಿಸಿದಾಗ ಓದಲಾಗದ ಸೆಕ್ಟರ್‌ಗಳು), ಸಿ7. ಸಿ7 ಮಾತ್ರ ಏರಿದ್ದು ಉಳಿದವು ಸೊನ್ನೆಯಾಗಿದ್ದರೆ ಡಿಸ್ಕ್ ಎಸೆಯಬೇಡಿ! ಅದು ಡಿಸ್ಕ್ ಮತ್ತು ಮದರ್‌ಬೋರ್ಡ್ ನಡುವಿನ ದಾರಿಯ ತಪ್ಪುಗಳ ಲೆಕ್ಕ. ಬಹುತೇಕ ಸಲ ಸಾಟಾ ಕೇಬಲ್ ಸಡಿಲವಾಗಿರುತ್ತದೆ ಅಥವಾ ಹಾಳಾಗಿರುತ್ತದೆ. ಈ ಅಂಕಿ ಮತ್ತೆ ಇಳಿಯುವುದಿಲ್ಲ. ಆದ್ದರಿಂದ ಬರೆದಿಟ್ಟುಕೊಂಡು, ಕೇಬಲ್ ಬದಲಿಸಿ, ದೊಡ್ಡ ಫೈಲುಗಳನ್ನು ಕಾಪಿ ಮಾಡಿ ನೋಡಿ. ಅಂಕಿ ನಿಂತರೆ ತೊಂದರೆ ಕೇಬಲ್ಲಿನದೇ. ಏರುತ್ತಲೇ ಇದ್ದರೆ ಪೋರ್ಟ್ ಬದಲಿಸಿ.

ಸಿ5 ಎಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರ್‌ಗಳು. ಅವುಗಳ ಮೇಲೆ ಹೊಸದಾಗಿ ಬರೆದಾಗ ಡಿಸ್ಕ್ ಪರೀಕ್ಷಿಸುತ್ತದೆ. ಬರಹ ಸರಿಯಾಗಿ ಉಳಿದರೆ ಸಿ5 ಇಳಿಯುತ್ತದೆ, ಉಳಿಯದಿದ್ದರೆ ಆ ಜಾಗಕ್ಕೆ ಮೀಸಲು ಸೆಕ್ಟರ್ ಬಂದು ಸಿ5 ಇಳಿದು 05 ಏರುತ್ತದೆ. ಹಾಗಾಗಿ ಸಿ5 ಸೊನ್ನೆಗೆ ಬಂತೆಂದು ಸಮಾಧಾನಪಡುವ ಮುನ್ನ 05 ನೋಡಬೇಕು. ಯುಪಿಎಸ್ ಇಲ್ಲದ ಮನೆಯಲ್ಲಿ, ಬರೆಯುತ್ತಿರುವಾಗಲೇ ಕರೆಂಟ್ ಹೋದರೂ ಒಂದೆರಡು ಸೆಕ್ಟರ್ ಹೀಗೆ ಉಳಿಯುವುದುಂಟು. ದಿನೇ ದಿನೇ ಏರುವ ಅಂಕಿಯೇ ನಿಜವಾದ ಅಪಾಯ.

ಸಿ5 ಸೊನ್ನೆಗಿಂತ ಹೆಚ್ಚಿದ್ದರೆ ಮೊದಲು ಕಾಪಿ, ಆಮೇಲೆ ಪರೀಕ್ಷೆ. ಫೋಟೊ, ದಾಖಲೆಗಳನ್ನು ಮೊದಲು ತೆಗೆಯಿರಿ, ಸಿನಿಮಾಗಳು ಕಾಯಲಿ. ಕಾಪಿ ಪದೇ ಪದೇ ಸಿಕ್ಕಿಕೊಂಡರೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕೆಟ್ಟ ಡಿಸ್ಕನ್ನು ಇನ್ನೊಂದಕ್ಕೆ ನಕಲಿಸುವ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿ. ಪೂರ್ತಿ ಡಿಸ್ಕನ್ನೇ ಇಳಿಸುವುದರಿಂದ ಅಷ್ಟೇ ಅಥವಾ ಅದಕ್ಕಿಂತ ದೊಡ್ಡ ಇನ್ನೊಂದು ಡಿಸ್ಕ್ ಬೇಕು. ಎಲ್ಲಿಯವರೆಗೆ ಓದಿದೆ ಎಂದು ಗುರುತಿಟ್ಟುಕೊಳ್ಳುವ ಮ್ಯಾಪ್‌ಫೈಲ್‌ನ ಹೆಸರು ಕೊಡುವುದನ್ನು ಮರೆಯಬೇಡಿ, ನಡುವೆ ನಿಂತರೂ ಅಲ್ಲಿಂದಲೇ ಮುಂದುವರಿಯಬಹುದು. ಮೊದಲ ಸುತ್ತಿನಲ್ಲಿ ಸುಲಭವಾಗಿ ಸಿಗುವುದನ್ನು ಮಾತ್ರ ಎತ್ತಿ, ಕಷ್ಟದ ಜಾಗಗಳಿಗೆ ಎರಡನೇ ಸುತ್ತಿನಲ್ಲಿ ಮೂರು ಪ್ರಯತ್ನ ಕೊಡಿ. ಮೂಲ ಮತ್ತು ಗುರಿ ಡಿಸ್ಕ್‌ಗಳ ಹೆಸರನ್ನು ಎರಡು ಸಲ ಓದಿ. ಅದಲುಬದಲಾದರೆ ಉಳಿಸಬೇಕಾದ ಡಿಸ್ಕೇ ಅಳಿದುಹೋಗುತ್ತದೆ.

ಎಲ್ಲವನ್ನೂ ಹೊರಗೆ ತೆಗೆದ ಮೇಲೆ ಹಳೆಯ ಡಿಸ್ಕಿಗೆ ಕ್ವಿಕ್ ಅಲ್ಲದ, ಪೂರ್ತಿ ಫಾರ್ಮ್ಯಾಟ್ ಮಾಡಿ ಮತ್ತೆ ಲೆಕ್ಕ ನೋಡಿ. 05, ಸಿ5 ಎರಡೂ ಸೊನ್ನೆಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಸಿನಿಮಾ ತುಂಬಿಸಲು ಇಟ್ಟುಕೊಳ್ಳಬಹುದು. 05 ಏರುತ್ತಿದ್ದರೆ ಅದಕ್ಕೂ ಬೇಡ.