ಮೂಳೆಗಿಂತ ಮೊದಲು ಹಲ್ಲು

ನಾನು ಬಾಯಿ, ದವಡೆ, ಮುಖದ ಶಸ್ತ್ರಚಿಕಿತ್ಸೆ ಮಾಡುವ ಹಲ್ಲಿನ ಡಾಕ್ಟರು. ಮುಖಕ್ಕೆ ಪೆಟ್ಟಾಗಿ ಬಂದವರಲ್ಲಿ ಮೊದಲು ಉಸಿರಾಟ ನೋಡುತ್ತೇವೆ. ಆಮೇಲೆ ರಕ್ತಸ್ರಾವ, ತಲೆ, ಕತ್ತು, ಕಣ್ಣು. ಅದಾದ ಮೇಲೆ ನಾನು ತಪ್ಪದೇ ಕೇಳುವುದು ಇದು: "ಕಚ್ಚಿ ನೋಡಿ. ಹಲ್ಲಿಗೆ ಹಲ್ಲು ಮೊದಲಿನ ಹಾಗೆ ಕೂರುತ್ತಾ?" "ಇಲ್ಲ ಡಾಕ್ಟ್ರೇ, ಏನೋ ತಡೆದ ಹಾಗಾಗುತ್ತೆ" ಅಂದರೆ, ಎಕ್ಸ್‌ರೇಯಲ್ಲಿ ಏನೂ ಕಾಣದಿದ್ದರೂ ಮನೆಗೆ ಕಳಿಸುವುದಿಲ್ಲ. ಸಿಟಿ ಸ್ಕ್ಯಾನ್ ಮಾಡಿಸುತ್ತೇನೆ. ದವಡೆ ಕೂದಲೆಳೆಯಷ್ಟು ಜರುಗಿದರೂ ಹಲ್ಲಿಗೆ ಗೊತ್ತಾಗುತ್ತದೆ.

"ಹಲ್ಲಿನ ಡಾಕ್ಟರಿಗೆ ಆಪರೇಷನ್ ಥಿಯೇಟರಿನಲ್ಲಿ ಏನು ಕೆಲಸ?" ಅಂತ ತುಂಬಾ ಜನ ಕೇಳುತ್ತಾರೆ. ಮುರಿದ ದವಡೆ, ಬಾಯಿ ಕ್ಯಾನ್ಸರ್, ಸೀಳುತುಟಿ, ತೀರಾ ಮುಂದೆ ಬಂದ ದವಡೆ, ಎಲ್ಲ ನಮ್ಮ ಕೆಲಸವೇ. ಇದಕ್ಕೆ ಭಾರತದಲ್ಲಿ ಬಿಡಿಎಸ್ (ದಂತವೈದ್ಯಕೀಯ ಪದವಿ) ಮುಗಿಸಿ 3 ವರ್ಷ ಎಂಡಿಎಸ್ (ಸ್ನಾತಕೋತ್ತರ ಪದವಿ) ಮಾಡಬೇಕು. ಬ್ರಿಟನ್ನಿನಲ್ಲಿ ದಂತವೈದ್ಯಕೀಯ, ವೈದ್ಯಕೀಯ ಎರಡೂ ಪದವಿ ಬೇಕು. ದಾರಿ ಯಾವುದಾದರೂ ಹಲ್ಲಿನ ಪಾಠ ಬಿಡುವ ಹಾಗಿಲ್ಲ.

ಕೆಳದವಡೆ ಮುರಿದಾಗ ಹೊಸಬರ ಕೈ ನೇರ ಮೂಳೆಗೆ ಹೋಗುತ್ತದೆ. ಅಂಚು ಜೋಡಿಸಿ ಪ್ಲೇಟ್ (ಮೂಳೆ ಹಿಡಿದಿಡುವ ಲೋಹದ ಪಟ್ಟಿ) ಹಾಕುವ ಆತುರ. ನಾನು ತಡೆಯುತ್ತೇನೆ. ಹೊರಗಡೆ ಅಂಚು ಕೂಡಿದ ಹಾಗೆ ಕಂಡರೂ ನಾಲಿಗೆ ಕಡೆ ಬಿರುಕು ಉಳಿದಿರಬಹುದು. ಅದಕ್ಕೇ ಮೊದಲು ಮೇಲಿನ, ಕೆಳಗಿನ ಎರಡೂ ಹಲ್ಲಿನ ಸಾಲಿಗೆ ಆರ್ಚ್ ಬಾರ್ (ಸಾಲಿನುದ್ದಕ್ಕೂ ಕಟ್ಟುವ ಲೋಹದ ಪಟ್ಟಿ) ಕಟ್ಟಿ, ಹಲ್ಲಿಗೆ ಹಲ್ಲು ಕೂರಿಸಿ, ತಂತಿಯಿಂದ ಬಿಗಿಯುತ್ತೇವೆ. ಬಾಯಿ ಮುಚ್ಚಲೇಬೇಕಲ್ವಾ, ಹಾಗಾಗಿ ಅರಿವಳಿಕೆಯ ಟ್ಯೂಬ್ ಸಾಮಾನ್ಯವಾಗಿ ಮೂಗಿನಿಂದ ಹೋಗುತ್ತದೆ. ಆಮೇಲೆ ಟೈಟೇನಿಯಂ ಪ್ಲೇಟ್. ಅದನ್ನು ಮೂಳೆಯ ಆಕಾರಕ್ಕೆ ಸರಿಯಾಗಿ ಬಗ್ಗಿಸದಿದ್ದರೆ, ಸ್ಕ್ರೂ ಬಿಗಿಸುವಾಗ ಮೂಳೆಯೇ ಪ್ಲೇಟಿನ ಕಡೆ ಸರಿದುಬಿಡುತ್ತದೆ. ಕೊನೆಗೆ ತಂತಿ ಬಿಚ್ಚಿ, ಕೈಯಿಂದಲೇ ದವಡೆ ಆಡಿಸಿ, ಹಲ್ಲು ಸೇರುತ್ತಾ ಅಂತ ನೋಡುತ್ತೇವೆ. ಸೇರದಿದ್ದರೆ ಸ್ಕ್ರೂ ತೆಗೆದು ಮತ್ತೆ ಹಾಕುತ್ತೇವೆ. ಎಷ್ಟೇ ಹೊತ್ತಾಗಲಿ.

ನನಗೆ ಜಾಸ್ತಿ ಆತಂಕ ಮಕ್ಕಳದ್ದು. ಮಗು ಮುಗ್ಗರಿಸಿ ಗದ್ದಕ್ಕೆ ಪೆಟ್ಟು ಮಾಡಿಕೊಳ್ಳುತ್ತದೆ. ಗಾಯಕ್ಕೆ ಹೊಲಿಗೆ ಹಾಕಿ ಕಳಿಸುತ್ತಾರೆ. ಆದರೆ ಪೆಟ್ಟಿನ ಬಲ ದವಡೆಯುದ್ದಕ್ಕೂ ಹೋಗಿ, ಕಿವಿಯ ಮುಂದಿನ ಕೀಲಿನ ಹತ್ತಿರ ಮೂಳೆ ಮುರಿದಿರಬಹುದು. ಅದು ಗಮನಕ್ಕೆ ಬಾರದೆ ಹೋದರೆ ಮುಂದೆ ಕೀಲು ಅಂಟಿಕೊಂಡು ಬಾಯಿ ತೆರೆಯಲಾಗದೆ ಹೋಗಬಹುದು. ಆ ಕಡೆಯ ದವಡೆಯ ಬೆಳವಣಿಗೆಯೂ ಕುಂಠಿತವಾಗಬಹುದು. ಹಾಗಾಗಿ ಗದ್ದಕ್ಕೆ ಹೊಲಿಗೆ ಹಾಕುವವರನ್ನೆಲ್ಲ ಕೇಳಿಕೊಳ್ಳುತ್ತೇನೆ: ಎರಡೂ ಕಿವಿಯ ಮುಂದೆ ಬೆರಳಿಟ್ಟು ಮಗುವಿಗೆ ಬಾಯಿ ತೆರೆಯಲು ಹೇಳಿ. ನೋವಿದ್ದರೆ, ಗದ್ದ ಒಂದು ಕಡೆ ವಾಲಿದರೆ, ನಮ್ಮನ್ನು ಕರೆಯಿರಿ. ಸಾಮಾನ್ಯವಾಗಿ ಅದು ಮುರಿದ ಕಡೆಗೇ ವಾಲುತ್ತದೆ. ಮಕ್ಕಳಿಗೆ ಬಹಳ ಸಲ ಆಪರೇಷನ್ನೂ ಬೇಕಾಗುವುದಿಲ್ಲ. ಬೇಗ ಗೊತ್ತಾದರೆ ಮೆತ್ತನೆ ಊಟ, ಬಾಯಿ ಆಡಿಸುವ ವ್ಯಾಯಾಮ, ಮತ್ತೆ ಮತ್ತೆ ತಪಾಸಣೆ, ಇಷ್ಟರಲ್ಲೇ ಸರಿಹೋಗುತ್ತದೆ.